ಕಾಯುವ ಪಟ್ಟಿಯ ಎಮ್ಮೆ

ಹೆಸರು ಹೇಳಿದರೆ ಯಾರಾದರೂ ಮುನಿಸಿಕೊಂಡಾರು, ಹಾಗಾಗಿ ಈ ಊರಿಗೆ ಹೆಸರೇ ಇಲ್ಲವೆಂದು ಇಟ್ಟುಕೊಳ್ಳೋಣ. ಅಲ್ಲಿ ಮಾರುವವರೂ ಪ್ರಾಣಿಗಳೇ, ಕೊಳ್ಳುವವರೂ ಪ್ರಾಣಿಗಳೇ, ಬೆಲೆ ಏರಿದಾಗ ಬಯ್ದುಕೊಳ್ಳುವವರೂ ಪ್ರಾಣಿಗಳೇ. ಊರ ನಡುವೆ ಪೇಟೆ, ಪೇಟೆಗೆ ಉದ್ದನೆಯ ಹೆಂಚಿನ ಚಾವಣಿ. ಚಾವಣಿಯ ನೆರಳಿನಲ್ಲಿ ಕೂತು ಮಾರಬೇಕಾದರೆ ಕೊರಳಲ್ಲೊಂದು ಹಿತ್ತಾಳೆ ಬಿಲ್ಲೆ ಇರಬೇಕು. ದಿಣ್ಣೆಯ ಮೇಲಿನ ವರ್ತಕ ವಿದ್ಯಾಲಯದಲ್ಲಿ ಒಂದು ವರ್ಷ ಓದಿದವರಿಗೆ ಮಾತ್ರ ಆ ಬಿಲ್ಲೆ ಸಿಗುತ್ತಿತ್ತು. ಉಳಿದವರಿಗೆ ಹೊರಗಿನ ಬಯಲು, ನೆತ್ತಿಯ ಮೇಲೆ ಬಿಸಿಲು.

ಹೊರಗೆ ಕೂತವರಲ್ಲಿ ಚಿಕ್ಕತಾಯಿಯೂ ಒಬ್ಬಳು. ಹೆಸರು ಚಿಕ್ಕತಾಯಿ, ಆದರೆ ಊರಿಗೆಲ್ಲ ಅವಳಷ್ಟು ದೊಡ್ಡ ಎಮ್ಮೆ ಇನ್ನೊಂದಿರಲಿಲ್ಲ. ಅವಳು ಮಾರುತ್ತಿದ್ದದ್ದು ಮೊಸರು. ಮಡಕೆ ಬೋರಲು ಹಾಕಿದರೂ ಬೀಳದಂಥ ಗಟ್ಟಿ ಮೊಸರು. ಆದರೆ ಬಿಸಿಲು ಏರುತ್ತಿದ್ದಂತೆ ಆ ಮೊಸರು ಹುಳಿಯಾಗುತ್ತಿತ್ತು, ಅರ್ಧ ಮಡಕೆ ಚರಂಡಿ ಪಾಲಾಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಕರಿ ಚರ್ಮದ ಎಮ್ಮೆಗೆ ಬಿಸಿಲು ಎಂದರೆ ಏನೆಂದು ಬೇರೆಯವರಿಗೆ ತಿಳಿಯುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವಳ ಕಣ್ಣು ಕೆಂಪಾಗಿ, ಬಾಯಲ್ಲಿ ನೊರೆ ಬರುತ್ತಿತ್ತು. ಬಿಲ್ಲೆಯ ಗತ್ತು ಅವಳಿಗೆ ಬೇಕಿರಲಿಲ್ಲ. ಆ ಚಾವಣಿಯ ಕೆಳಗೆ ಎರಡು ಮೊಳ ನೆರಳು ಸಿಕ್ಕರೆ ಸಾಕಿತ್ತು.

ಅದಕ್ಕಾಗಿ ಅರ್ಜಿ ಹಾಕಿದಳು. ಸಂದರ್ಶನಕ್ಕೆ ಕರೆ ಬಂತು. ಮೂವರು ಕೂತಿದ್ದರು: ಪ್ರಾಂಶುಪಾಲರಾದ ಆನೆ, ಲೆಕ್ಕಶಾಸ್ತ್ರದ ಕುದುರೆ, ಮಾತುಗಾರಿಕೆ ಕಲಿಸುವ ನವಿಲು.

"ನಿಮ್ಮ ವಿಶೇಷವೇನು?" ಎಂದು ನವಿಲು ಕೇಳಿತು.

"ನಿಂತ್ಕೋತೀನಿ," ಎಂದಳು ಚಿಕ್ಕತಾಯಿ.

"ಅಂದರೆ?"

"ಬೆಲೆ ಬಿತ್ತು ಅಂತ ಎಲ್ರೂ ಓಡ್ತಾರೆ. ನಾನು ನಿಂತ್ಕೋತೀನಿ. ಸಾಯಂಕಾಲದ ಹೊತ್ಗೆ ಎಲ್ರೂ ವಾಪಸ್ ಬರ್ತಾರೆ, ಮೊಸರು ತಗೋತಾರೆ."

ನವಿಲು ಕುದುರೆಯ ಮುಖ ನೋಡಿತು, ಕುದುರೆ ಕಿಟಕಿಯ ಕಡೆ ನೋಡಿತು. ಆನೆ ಮಾತ್ರ ಏನನ್ನೋ ಬರೆದುಕೊಂಡಿತು.

ಹದಿನೈದು ದಿನಕ್ಕೆ ಪಾರಿವಾಳಗಳು ಪತ್ರ ಹೊತ್ತು ಬಂದವು. ಆ ವಿದ್ಯಾಲಯದ ಪತ್ರಗಳಲ್ಲಿ ಒಂದು ಪದ್ಧತಿಯಿತ್ತು. ಬಾ ಎನ್ನಲು ಅವರಿಗೆ ಒಂದು ಸಾಲು ಸಾಕು, ಬೇಡ ಎನ್ನಲು ನಾಲ್ಕು ಸಾಲು. ಕಾದಿರು ಎನ್ನಲು ಮಾತ್ರ ಎರಡು ಪುಟ ಬೇಕಾಗುತ್ತಿತ್ತು. ಚಿಕ್ಕತಾಯಿಗೆ ಬಂದದ್ದು ಎರಡು ಪುಟ. ಅವಳ ಅರ್ಜಿ ಸಮಿತಿಯ ಮನಸ್ಸನ್ನು ಬಹಳವಾಗಿ ಸೆಳೆದಿದೆ, ಆದರೆ ಸದ್ಯಕ್ಕೆ ಜಾಗವಿಲ್ಲ, ಸದ್ಯಕ್ಕೆ ಅವಳ ಹೆಸರು ಕಾಯುವ ಪಟ್ಟಿಯಲ್ಲಿರುತ್ತದೆ, ಈ ನಡುವೆ ಅವಳಲ್ಲಿ ಏನಾದರೂ ಹೊಸತು ಕಂಡುಬಂದರೆ ಹುಣ್ಣಿಮೆಗೊಂದರಂತೆ ಪತ್ರ ಬರೆಯಬಹುದು ಎಂದು ಅದರಲ್ಲಿತ್ತು.

ಪಕ್ಕದಲ್ಲಿ ಸೊಪ್ಪು ಮಾರುತ್ತಿದ್ದ ಬೋರಿ ಎಂಬ ಮೇಕೆಗೂ ಪತ್ರ ಬಂದಿತ್ತು. ಬೋರಿಯ ವ್ಯಾಪಾರದ ಬಗ್ಗೆ ಹೆಚ್ಚು ಹೇಳದಿರುವುದೇ ಒಳ್ಳೆಯದು, ತಂದ ಸೊಪ್ಪಿನಲ್ಲಿ ಅರ್ಧ ಅವಳೇ ತಿನ್ನುತ್ತಿದ್ದಳು. ಅವಳಿಗೆ ಬಂದದ್ದು ನಾಲ್ಕು ಸಾಲು. ಎರಡು ದಿನ ಗೊಳೋ ಎಂದು ಅತ್ತಳು. ಮೂರನೆಯ ದಿನ ಪತ್ರವನ್ನೇ ತಿಂದುಬಿಟ್ಟಳು.

"ಹೆಂಗಿತ್ತೇ?" ಎಂದು ಚಿಕ್ಕತಾಯಿ ಕೇಳಿದಳು.

"ಕಾಗದ ಚೆನ್ನಾಗಿತ್ತಕ್ಕ, ಮಸಿ ಕಹಿ," ಎಂದಳು ಬೋರಿ. "ನಾನು ಹೊಳೆಯಾಚೆ ಹೋಗ್ತಿದೀನಿ. ಅಲ್ಲೊಂದು ದೊಡ್ಡ ಹುಣಸೆಮರ ಐತೆ. ಬಿಲ್ಲೆಗಿಲ್ಲೆ ಯಾರೂ ಕೇಳಲ್ವಂತೆ. ನೀನೂ ಬಾ."

"ನಂದು ಹಂಗಲ್ಲ ಕಣೇ. ನನ್ ಹೆಸರು ಪಟ್ಟೀಲೈತೆ."

ಅದನ್ನು ಹೇಳುವಾಗ ಚಿಕ್ಕತಾಯಿಗೆ ಸ್ವಲ್ಪ ಹೆಮ್ಮೆಯೇ ಆಯಿತು. ಬೋರಿ ಅವಳನ್ನೊಮ್ಮೆ ನೋಡಿ, ಬುಟ್ಟಿ ಹೊತ್ತು ಹೊಳೆ ದಾಟಿದಳು.

ಬೋರಿ ಹೋದ ಮಾರನೆಯ ದಿನವೇ ಬೆಳ್ಳಕ್ಕಿ ಮೇಷ್ಟ್ರು ಬಂದರು. ಅವರು ಯಾವ ಶಾಲೆಯಲ್ಲಿ ಪಾಠ ಹೇಳಿದ್ದರೋ ಯಾರಿಗೂ ಗೊತ್ತಿರಲಿಲ್ಲ. ಬಿಳಿ ಉಡುಪು, ಉದ್ದ ಕತ್ತು, ಯೋಚನೆ ಮಾಡುತ್ತಿರುವಂಥ ನಿಲುವು, ಇಷ್ಟಿದ್ದ ಮೇಲೆ ಊರು ತಾನಾಗಿಯೇ ಮೇಷ್ಟ್ರು ಎಂದು ಕರೆಯತೊಡಗಿತ್ತು. ಪ್ರತಿ ವರ್ಷ ಕಾಯುವ ಪಟ್ಟಿಯಲ್ಲಿರುವವರನ್ನು ಹುಡುಕಿ, ಅವರ ಬೆನ್ನ ಮೇಲೆ ಕೂತು ದಾರಿ ತೋರಿಸುವುದು ಅವರ ಕಸುಬು. ಹಾಗೆ ದಾರಿ ತೋರಿಸಿಕೊಂಡವರು ಎಷ್ಟು ಜನ ಒಳಗೆ ಹೋದರು ಎಂದು ಯಾರೂ ಕೇಳಿರಲಿಲ್ಲ. ಇದ್ದಕ್ಕಿದ್ದಂತೆ ಬೆನ್ನ ಮೇಲೆ ಬಂದು ಕೂತ ಮೇಷ್ಟ್ರು, ಕತ್ತು ಬಾಗಿಸಿ ಚಿಕ್ಕತಾಯಿಯ ಪತ್ರವನ್ನು ಎರಡು ಸಲ ಓದಿದರು.

"'ಸದ್ಯಕ್ಕೆ' ಅಂತ ಎರಡು ಕಡೆ ಬರೆದಿದ್ದಾರೆ," ಎಂದರು.

"ಒಳ್ಳೇದಾ ಮೇಷ್ಟ್ರೇ?"

"ಒಂದ್ಸಲ ಬರೆದಿದ್ರೆ ಕಷ್ಟ ಇತ್ತು. ಎರಡು ಸಲ ಅಂದ್ರೆ ಅವರಿಗೆ ನಿನ್ ಮೇಲೆ ಮನಸ್ಸಿದೆ. ಈ 'ಹೊಸತು' ಅನ್ನೋ ಮಾತು ನೋಡಿದ್ಯಾ? ಗುಟ್ಟೆಲ್ಲ ಅದರಲ್ಲೇ ಇರೋದು. ಹೋದ ವರ್ಷ ಯಾರ್ ಯಾರನ್ನ ತಗೊಂಡ್ರು?"

"ಕುದುರೆಗಳನ್ನ."

"ಅದರ ಹಿಂದಿನ ವರ್ಷ?"

"ಅವಾಗ್ಲೂ ಕುದುರೆಗಳ್ನೇ."

"ಇನ್ನೂ ಬಿಡಿಸಿ ಹೇಳ್ಬೇಕಾ?" ಎಂದರು ಮೇಷ್ಟ್ರು.

ಬಿಡಿಸಿ ಹೇಳಬೇಕಾಗಲಿಲ್ಲ. ಮಾರನೆಯ ಬೆಳಿಗ್ಗೆಯಿಂದ ಚಿಕ್ಕತಾಯಿ ಹುಲ್ಲುಗಾವಲಿನಲ್ಲಿ ಓಡತೊಡಗಿದಳು. ಜೀವಮಾನದಲ್ಲಿ ಓಡದ ಎಮ್ಮೆ ಓಡುವುದನ್ನು ನೋಡಲು ಊರ ಕೋಳಿಗಳೆಲ್ಲ ಬೇಲಿಯ ಮೇಲೆ ಕೂತಿದ್ದವು. ಅವಳು ಓಡಿದಷ್ಟೂ ಹುಲ್ಲಿನಿಂದ ಮಿಡತೆಗಳು ಏಳುತ್ತಿದ್ದವು. ಬೆನ್ನ ಮೇಲಿದ್ದ ಮೇಷ್ಟ್ರು ಒಂದೊಂದನ್ನೇ ಹೆಕ್ಕುತ್ತಾ, ಬಾಯಿ ಬಿಡುವಾದಾಗಲೆಲ್ಲ "ಇನ್ನೂ ಜೋರಾಗಿ!" ಎನ್ನುತ್ತಿದ್ದರು. ಅವರಿಗೆ ಆ ವರ್ಷ ಒಳ್ಳೆಯ ಮೈ ಬಂತು.

ಮೊದಲ ಹುಣ್ಣಿಮೆಗೆ ಚಿಕ್ಕತಾಯಿ "ನಾನೀಗ ಓಡಬಲ್ಲೆ" ಎಂದು ಮೇಷ್ಟ್ರಿಂದ ಬರೆಸಿದಳು. ವಿದ್ಯಾಲಯದಿಂದ ಉತ್ತರ ಬಂತು: "ತಿಳಿಸಿದ್ದಕ್ಕೆ ಸಂತೋಷ." ಮೇಷ್ಟ್ರು ಆ ಸಂತೋಷಕ್ಕೆ ಒಂದು ಗಂಟೆ ವ್ಯಾಖ್ಯಾನ ಮಾಡಿದರು. ಸಂತೋಷಪಟ್ಟವರನ್ನು ಇನ್ನಷ್ಟು ಸಂತೋಷಪಡಿಸಬೇಕೆಂದು ಕೊನೆಗೆ ತೀರ್ಮಾನವಾಯಿತು.

ಎರಡನೆಯ ತಿಂಗಳು ಅವಳು ಕೆರೆಗೆ ಇಳಿಯುವುದನ್ನು ಬಿಟ್ಟಳು. ಬೆನ್ನ ಮೇಲೆ ಕೆಸರಿರುವವರು ವಿದ್ಯಾಲಯದ ಮೆಟ್ಟಿಲು ಹತ್ತಿದ್ದನ್ನು ತಾವು ಕಂಡಿಲ್ಲವೆಂದು ಮೇಷ್ಟ್ರು ಹೇಳಿದ್ದರು. ಇದು ಅವಳಿಗೆ ಬಹಳ ಕಷ್ಟವಾಯಿತು. ದಿನವಿಡೀ ಬಿಸಿಲಿನಲ್ಲಿ ಬೆಂದವಳಿಗೆ ಸಾಯಂಕಾಲ ಕೆರೆಯೊಂದೇ ಸುಖವಾಗಿತ್ತು. ದಂಡೆಯ ಮೇಲೆ ನಿಂತು ನೀರನ್ನು ನೋಡಿ ಹಿಂತಿರುಗುತ್ತಿದ್ದಳು. ಇನ್ನು ಸ್ವಲ್ಪ ದಿನ, ಆಮೇಲೆ ಜೀವನಪೂರ್ತಿ ನೆರಳು ಎಂದು ಸಮಾಧಾನ ಹೇಳಿಕೊಳ್ಳುತ್ತಿದ್ದಳು.

ಮೂರನೆಯ ತಿಂಗಳು ಕೊಂಬು. ಕುದುರೆಗೆ ಕೊಂಬಿಲ್ಲ ಎಂಬುದು ಮೇಷ್ಟ್ರು ಕಂಡುಹಿಡಿದ ಹೊಸ ವಿಷಯವೇನಲ್ಲ, ಆದರೆ ಅವರು ಹೇಳಿದ ರೀತಿಗೆ ಚಿಕ್ಕತಾಯಿ ಬೆಚ್ಚಿಬಿದ್ದಳು. ಆ ಕೊಂಬುಗಳು ಅವಳ ತಾಯಿಯ ಕೊಂಬಿನಂತೆಯೇ ಹಿಂದಕ್ಕೆ ಬಾಗಿ ಅರ್ಧಚಂದ್ರವಾಗಿದ್ದವು. ಗರಗಸದವನ ಮುಂದೆ ತಲೆ ಒಡ್ಡಿ ಕೂತಾಗ ಅವಳ ಕಣ್ಣಲ್ಲಿ ನೀರು ಬಂತು. ಬೇಡ ಎನ್ನಬೇಕೆನ್ನಿಸಿತು, ಎನ್ನಲಿಲ್ಲ. ನಾಲ್ಕನೆಯ ತಿಂಗಳು ಕೆನೆಯುವುದನ್ನು ಕಲಿತಳು. ಮೊದಲ ಸಲ ಕೆನೆದಾಗ ಬೀದಿಯ ನಾಯಿ ಒಂದೇ ಉಸಿರಿಗೆ ಪಕ್ಕದ ಊರಿಗೆ ಓಡಿತಂತೆ.

ಇಷ್ಟೆಲ್ಲದರ ನಡುವೆ ಮೊಸರು ಕೆಟ್ಟಿತು. ಓಡಿ ಓಡಿ, ಕೆರೆ ಬಿಟ್ಟು, ಅವಳ ಹಾಲು ತೆಳ್ಳಗಾಗಿತ್ತು.

"ಇದೇನವ್ವಾ ಚಿಕ್ಕತಾಯಿ, ಮೊಸರು ಕೊಟ್ಯೋ, ಕಲಗಚ್ಚು ಕೊಟ್ಯೋ?" ಎಂದು ಇಪ್ಪತ್ತು ವರ್ಷದಿಂದ ಮೊಸರು ಕೊಳ್ಳುತ್ತಿದ್ದ ಮುದಿ ಕರಡಿ ಕೇಳಿತು. ಮರುದಿನದಿಂದ ಕರಡಿ ಬರಲಿಲ್ಲ, ಮೆಲ್ಲಗೆ ಉಳಿದವರೂ ಬರುವುದನ್ನು ಬಿಟ್ಟರು. ಚಿಕ್ಕತಾಯಿ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಒಮ್ಮೆ ಚಾವಣಿಯ ಕೆಳಗೆ ಕೂತರೆ ಎಲ್ಲರೂ ಬಂದೇ ಬರುತ್ತಾರೆ ಎಂದುಕೊಂಡಳು.

ಐದನೆಯ ಹುಣ್ಣಿಮೆಯ ಬೆಳಿಗ್ಗೆ ಪಾರಿವಾಳ ಒಂದೇ ಸಾಲಿನ ಪತ್ರ ತಂದಿತು: "ಕೂಡಲೇ ಬರುವುದು." ಚಿಕ್ಕತಾಯಿ ಅದನ್ನು ಮೂರು ಸಲ ಓದಿಸಿಕೊಂಡಳು. ಮೇಷ್ಟ್ರನ್ನು ಬೆನ್ನ ಮೇಲೆ ಕೂರಿಸಿಕೊಂಡು, ದಿಣ್ಣೆಯ ಮೆಟ್ಟಿಲುಗಳನ್ನು ಒಂದೇ ಓಟಕ್ಕೆ ಹತ್ತಿದಳು. ಎದೆ ಡವಗುಟ್ಟುತ್ತಿತ್ತು. ಸುಖಕ್ಕೋ ಸುಸ್ತಿಗೋ ಅವಳಿಗೇ ತಿಳಿಯಲಿಲ್ಲ.

ಅಂಗಳದಲ್ಲಿ ಆನೆ, ಕುದುರೆ, ನವಿಲು ಕೂತಿದ್ದರು. ಆನೆಯ ಕಣ್ಣು ಅವಳನ್ನು ದಾಟಿ ಬಾಗಿಲ ಕಡೆ ಹೋಯಿತು.

"ನಾವು ಕರೆಸಿದ್ದು ಒಂದು ಎಮ್ಮೆಯನ್ನ," ಎಂದಿತು ಆನೆ. "ಬಿಲ್ಲೆ ತಗೊಂಡು ಹೋದವರೆಲ್ಲ ಬರೀ ಓಡ್ತಾರೆ, ಅವರ ಹಿಂದೆ ಪೇಟೆಯ ಬೆಲೆಯೂ ಓಡುತ್ತೆ. ನಿಲ್ಲೋರು ಒಬ್ಬರಾದರೂ ಇರಲಿ ಅಂತ ಸಂದರ್ಶನದ ದಿನವೇ ಒಂದು ಜಾಗ ತೆಗೆದಿಟ್ಟಿದ್ದೆ. ಕುದುರೆಗಳ ಪಟ್ಟಿ ಮುಗಿಯೋವರೆಗೆ ಹೇಳೋ ಹಾಗಿರಲಿಲ್ಲ, ನಿಯಮ. ಎಲ್ಲಿ ಆಕೆ?"

"ನಾನೇ ಸ್ವಾಮಿ ಆ ಎಮ್ಮೆ!"

ಆನೆ ಕಡತ ಬಿಚ್ಚಿ ಪತ್ರಗಳನ್ನು ಓದಿತು. ಓಡುತ್ತಾಳೆ. ಕೆರೆಗೆ ಇಳಿಯುವುದಿಲ್ಲ. ಕೊಂಬಿಲ್ಲ. ಕೆನೆಯುತ್ತಾಳೆ. ಕೆಳಗೆ ಅವಳದೇ ಗೊರಸಿನ ಗುರುತು.

"ಇದರಲ್ಲಿ ಎಮ್ಮೆ ಎಲ್ಲಿದೆಯಮ್ಮಾ?" ಎಂದಿತು ಆನೆ, ಬಹಳ ಮೃದುವಾಗಿ.

ಚಿಕ್ಕತಾಯಿಗೆ ಅಳು, ಸಿಟ್ಟು ಎರಡೂ ಒಟ್ಟಿಗೆ ಬಂದವು. ಒಂದು ಸಲ ಹೊಟ್ಟೆಯಾಳದಿಂದ ಕೂಗಿದರೆ ಸಾಕು, ತಾನು ಯಾರೆಂದು ಇಡೀ ದಿಣ್ಣೆಗೆ ತಿಳಿಯುತ್ತದೆ ಎಂದುಕೊಂಡು ಬಾಯಿ ತೆರೆದಳು. ಹೊರಬಿದ್ದದ್ದು ಕೆನೆತ. ಅಚ್ಚುಕಟ್ಟಾದ, ಒಂದೂ ತಪ್ಪಿಲ್ಲದ ಕೆನೆತ. ಕುದುರೆ ಮೆಚ್ಚಿ ತಲೆದೂಗಿತು.

"ಒಳ್ಳೆಯ ಕುದುರೆ," ಎಂದಿತು ಆನೆ. "ಆದರೆ ಕುದುರೆಗಳ ಜಾಗವೆಲ್ಲ ತುಂಬಿದೆ."

ಜಾಗ ಖಾಲಿ ಬಿಡುವಂತಿರಲಿಲ್ಲ. ಅದಕ್ಕೂ ನಿಯಮವಿತ್ತು. ಸಮಿತಿ ತಲೆ ತಲೆ ಸೇರಿಸಿ ಪಿಸುಗುಟ್ಟಿತು. ಎಮ್ಮೆ ಸಿಗದಿದ್ದರೆ ಎಮ್ಮೆಯನ್ನು ಹತ್ತಿರದಿಂದ ಬಲ್ಲವರಾದರೂ ಆದೀತು ಎಂದು ನವಿಲು ಸೂಚಿಸಿತು. ಆಗ ಬೆಳ್ಳಕ್ಕಿ ಮೇಷ್ಟ್ರು ಚಿಕ್ಕತಾಯಿಯ ಬೆನ್ನ ಮೇಲೆಯೇ ಒಂದು ಹೆಜ್ಜೆ ಮುಂದೆ ಬಂದು, ಗಂಟಲು ಸರಿಮಾಡಿಕೊಂಡು, ತಮಗೆ ಎಮ್ಮೆಯ ಬೆನ್ನ ಮೇಲೆ ಐದು ತಿಂಗಳ ನಿರಂತರ ಅನುಭವವಿದೆಯೆಂದು ವಿನಯದಿಂದ ತಿಳಿಸಿದರು. ಸಮಿತಿಯಲ್ಲಿ ಭಿನ್ನಾಭಿಪ್ರಾಯವೇ ಬರಲಿಲ್ಲ. ಎಮ್ಮೆಯ ಜಾಗ ಬೆಳ್ಳಕ್ಕಿಗೆ ಸಿಕ್ಕಿತು.

ಮೇಷ್ಟ್ರು ಹಾರಿ ವಿದ್ಯಾಲಯದ ಜಗಲಿಯ ನೆರಳಿನಲ್ಲಿ ಕೂತರು. ಚಿಕ್ಕತಾಯಿ ಅಂಗಳದ ಬಿಸಿಲಿನಲ್ಲಿ ನಿಂತಿದ್ದಳು.

"ಮೋಸ ಮಾಡಿದ್ರಿ ಮೇಷ್ಟ್ರೇ," ಎಂದಳು.

"ಛೇ, ಹಂಗನ್ಬೇಡ. ಸಮಿತಿ ಬಾಯಲ್ಲೇ ಬಂತಲ್ಲ, ಅವರಿಗೆ ಬೇಕಿರೋದು ಎಮ್ಮೆ. ಇಂಥ ಒಳಗಿನ ಸುದ್ದಿ ಎಷ್ಟು ಜನಕ್ಕೆ ಸಿಗುತ್ತೆ? ಮುಂದಿನ ವರ್ಷಕ್ಕೆ ಈಗಿಂದ್ಲೇ ತಯಾರಿ ಶುರುಮಾಡು. ಎಮ್ಮೆ ಆಗೋದು ಹೆಂಗೆ ಅಂತ ನಾನು ಹೇಳಿಕೊಡ್ತೀನಿ. ಈಗ ನಾನು ಒಳಗಡೆಯವನು ಬೇರೆ."

ಚಿಕ್ಕತಾಯಿ ಕಣ್ಣೊರೆಸಿಕೊಂಡಳು.

"ಮೊದ್ಲು ಏನ್ ಕಲೀಬೇಕು?" ಎಂದು ಕೇಳಿದಳು.

"ಮೊದ್ಲು ನಿಧಾನಕ್ಕೆ ನಡೆಯೋದು."

ಅದನ್ನು ಎಲ್ಲರಿಗಿಂತ ಮುಂಚೆ ಕಲಿತುಬಿಡಬೇಕೆಂದು ಚಿಕ್ಕತಾಯಿ ದಿಣ್ಣೆಯ ಮೆಟ್ಟಿಲುಗಳನ್ನು ಒಂದೇ ಓಟದಲ್ಲಿ ಇಳಿದಳು.