ಘೋಸ್ಟಿಂಗ್ ಅಂದರೆ ಎಂತ

ಬಸ್ಸಿನ ಕಿಟಕಿಯ ಸರಳು ಬೆಚ್ಚಗಿದೆ, ಬಿಸಿಲು ಈ ಬದಿಗೆ ಬಂತು, ಮಣಿಪಾಲ ದಾಟಿತೇನೋ, ಮಡಿಲ ಚೀಲದಲ್ಲಿ ತಾನು ಹೊಲಿದ ಮದುಮಗಳ ರವಿಕೆಗಳು ಮುದುಡದಿದ್ದರೆ ಸಾಕು ಎಂದುಕೊಂಡಳು ನಳಿನಾಕ್ಷಿ, ಕಡಿಯಾಳಿಯಿಂದ ಕಾರ್ಕಳಕ್ಕೆ ಕೊರಿಯರ್ ಉಂಟಲ್ಲ ಚಿಕ್ಕಮ್ಮ, ನೀವೇ ಯಾಕೆ ಹೋಗುವುದು ಎಂದು ಕೇಳಿದ್ದಳು ಪ್ರಣೀತಾ, ಅಕ್ಕನ ಮಗಳು, ಮಣಿಪಾಲದಲ್ಲಿ ಓದುವವಳು, ಎಲ್ಲದಕ್ಕೂ ಒಂದು ಇಂಗ್ಲಿಷ್ ಶಬ್ದ ಇಟ್ಟುಕೊಂಡವಳು — ಯಾಕೆಂದು ತನಗೂ ಗೊತ್ತಿಲ್ಲ, ಗೊತ್ತುಂಟು, ಕಾರ್ಕಳ ಕರುಣಾಕರರ ಊರು. ಜೋಡಿ ಹುಡುಕುವ ಆ್ಯಪ್‌ನಲ್ಲಿ ಸಿಕ್ಕವರು, ನಲವತ್ತು ದಾಟಿದ ಮೇಲೆ ಇದೆಲ್ಲ ಎಂತಕ್ಕೆ ಎಂದರೂ ಕೇಳದೆ ಆ ಹುಡುಗಿಯೇ ಹಾಕಿಕೊಟ್ಟ ಆ್ಯಪ್, ಮಳೆಗಾಲವಿಡೀ ತಿಂಡಿ ಆಯಿತಾ, ಊಟ ಆಯಿತಾ, ಆಮೇಲೆ ಒಮ್ಮೆ ಕಾಪುವಿನ ಕಡಲ ಬದಿ, ದೀಪಸ್ತಂಭದ ಮೆಟ್ಟಿಲಲ್ಲಿ ನಿಧಾನ ಮಾರಾಯ್ರೆ ಎಂದು ಕೈ ಕೊಟ್ಟಿದ್ದರು, ಅಂಗೈ ಒದ್ದೆ, ಅವರದೋ ತನ್ನದೋ, ಮರುದಿನದಿಂದ ಸುದ್ದಿಯೇ ಇಲ್ಲ. ಅದಕ್ಕೆ ಘೋಸ್ಟಿಂಗ್ ಅನ್ನುತ್ತಾರೆ ಚಿಕ್ಕಮ್ಮ, ಭೂತದ ಹಾಗೆ ಮಾಯ ಆಗುವುದು. ನಮ್ಮ ಕೋಲದ ಭೂತ ಹಾಗಲ್ಲ ಮಗಾ, ಕರೆದರೆ ಬರುತ್ತದೆ, ಕೇಳಿದರೆ ನುಡಿ ಕೊಡುತ್ತದೆ. ಬ್ರೆಡ್‌ಕ್ರಂಬಿಂಗ್ ಅಂತ ಇನ್ನೊಂದುಂಟು, ಆಗಾಗ ಒಂದು ಹಾಯ್ ಎಸೆದು ಕಾಯಿಸುವುದು, ನಿಮಗೆ ಅದೂ ಸಿಗಲಿಲ್ಲ — ಅಂಗಡಿಯ ಹೊಲಿಗೆ ಮಿಷನ್ ನಿಲ್ಲಿಸಿ ಇಬ್ಬರೂ ನಕ್ಕಿದ್ದರು, ನಗುವಾಗಲೂ ಹೊಟ್ಟೆಯೊಳಗೆ ಕಲ್ಲು, ಯಾಕೆಂದರೆ ಕಾಪುವಿನಲ್ಲಿ ಅವರು ಎದೆ ಉಜ್ಜಿಕೊಂಡದ್ದನ್ನು ಅವಳು ನೋಡಿದ್ದಳು, ಅಂದಿನಿಂದ ಪೇಪರಿನಲ್ಲಿ ನಿಧನದ ಪುಟವನ್ನೇ ಮೊದಲು ಬಿಡಿಸುವುದು, ಇದನ್ನು ಪ್ರಣೀತಾಗೆ ಹೇಳಲಿಲ್ಲ, ಹೇಳಿದ್ದರೆ ಅದಕ್ಕೂ ಒಂದು ಶಬ್ದ ಇರುತ್ತಿತ್ತು. ನಿಮಗೆ ಬೇಕಾದದ್ದು ಕ್ಲೋಷರ್. ಹಾಗಂದರೆ? ಮುಚ್ಚುವುದು. ಅಂಗಡಿಯನ್ನಾ? ಅಯ್ಯೋ, ಅದು ಕನ್ನಡದಲ್ಲಿ ಬರುವುದಿಲ್ಲ ಬಿಡಿ.

ರವಿಕೆ ಕೊಟ್ಟಾಯಿತು, ತೋಳು ಚೆನ್ನಾಗಿ ಕೂತಿದೆ ಎಂದು ಮದುಮಗಳು ಕನ್ನಡಿ ಬಿಟ್ಟು ಕದಲಲಿಲ್ಲ, ಈಗ ಬಸ್‌ಸ್ಟ್ಯಾಂಡಿಗೆ ನಡೆಯುವಾಗ ಬಿಸಿ ಎಣ್ಣೆಯ ವಾಸನೆ, ಹೋಟೆಲಿನ ಹೊರಗೆ ಬೆಂಚು, ನೀಲಿ ಚೌಕಳಿ ಅಂಗಿ — ಕೂತಿದ್ದಾರೆ, ಕರುಣಾಕರ, ಜೀವಂತ, ಗೋಳಿಬಜೆ ಮುರಿದು ಚಟ್ನಿಗೆ ಅದ್ದುತ್ತಿದ್ದಾರೆ, ಇನ್ನೊಂದು ಕೈಯ ಹೆಬ್ಬೆರಳು ಫೋನಿನ ಮೇಲೆ ಸರಸರ ಓಡುತ್ತಿದೆ, ಯಾರಿಗೋ ಬರೆಯುತ್ತಿದೆ. ಕಾಲು ತಾನಾಗಿ ಎದುರು ಹೋಗಿ ನಿಂತಿತು. ಆರಾಮ ಇದ್ದೀರಾ? ಹೆಬ್ಬೆರಳು ನಿಂತಿತು. ಅವರು ಎದ್ದರು, ಕೂತರು, ಫೋನ್ ಹಾಳಾಗಿತ್ತು ಎಂದರು, ಫೋನ್ ಕೈಯಲ್ಲೇ ಉಂಟು, ಅವರೂ ಅದನ್ನು ನೋಡಿಕೊಂಡರು, ಹಾಗಲ್ಲ ನಳಿನಾಕ್ಷಿಯವರೇ, ನನಗೆ ಆಗುವುದಿಲ್ಲ ಅಂತ ಹೇಗೆ ಹೇಳುವುದು ಅಂತಲೇ ಗೊತ್ತಾಗಲಿಲ್ಲ. ಎದೆನೋವು? ಎಂತ ಎದೆನೋವು, ಓ, ಅದಾ, ಅದು ಬರೀ ಗ್ಯಾಸ್. ಅಷ್ಟು ಸಾಕು ಎಂದಳು, ನೀವು ತೀರಿಯೇ ಹೋದಿರೇನೋ ಅಂತ ಹೆದರಿದ್ದೆ, ತಿನ್ನಿ, ತಣ್ಣಗಾಗುತ್ತದೆ.

ಬಸ್ಸು ಹೊರಟಿದೆ, ಗಾಳಿ ಬರುತ್ತಿದೆ, ಸಿಟ್ಟು ಬರಬೇಕಿತ್ತು, ಹುಡುಕಿದರೆ ಹಸಿವೆಯೇ ಸಿಗುತ್ತಿದೆ, ಕಲ್ಲಿದ್ದ ಜಾಗದಲ್ಲಿ ಒಳ್ಳೆಯ ಹಸಿವೆ, ನಾಳೆ ಪೇಪರನ್ನು ಮೊದಲ ಪುಟದಿಂದ ಓದಬಹುದು, ಆಗುವುದಿಲ್ಲ ಎಂಬ ಒಂದು ಮಾತಿಗೆ ಇಷ್ಟು ಕಷ್ಟಪಟ್ಟರಲ್ಲ ಪಾಪ, ಪ್ರಣೀತಾಗೆ ಎಂತ ಹೇಳುವುದು, ಸಿಕ್ಕಿದರು ಮಗಾ, ದಪ್ಪ ಆಗಿದ್ದಾರೆ — ಕಣ್ಣು ಮುಚ್ಚಿದರೆ ಕಾಪುವಿನ ಕಡಲಿಲ್ಲ, ಆ ಮುಖವೂ ಇಲ್ಲ, ಅವರ ಹೆಬ್ಬೆರಳು ಮಾತ್ರ, ಉಗುರು ಕತ್ತರಿಸಿದ, ಗುಂಡಗಿನ, ಒಂದು ಗಾಯವೂ ಇಲ್ಲದ ಹೆಬ್ಬೆರಳು, ಫೋನಿನ ಗಾಜಿನ ಮೇಲೆ, ಆ ಒಂದು ಮಾತಿನ ಅಕ್ಷರ ಮುಟ್ಟದೆ, ಹಿಂದೆಯೂ ಸರಿಯದೆ, ನಿಂತೇ ಇದೆ