ಮಾದರಿ ನೀಡುವವರಿಗೆ ಮಾತ್ರ

ಬೈಕಿನ ಹಿಂದೆ ಕಟ್ಟಿದ ಪೆಟ್ಟಿಗೆಯೊಳಗೆ ಆರು ಡಿಗ್ರಿ. ಬೈಕು ಓಡಿಸುವವಳ ನೆತ್ತಿಯ ಮೇಲೆ ನಲವತ್ತಮೂರು. ಹನ್ನೆರಡು ಸಂಗ್ರಹ ಕೇಂದ್ರಗಳಿಂದ ರಕ್ತ, ಮೂತ್ರಗಳ ಮಾದರಿಗಳನ್ನು ಮುಖ್ಯ ಪ್ರಯೋಗಾಲಯಕ್ಕೆ ತಲುಪಿಸುವುದು ಅವಳ ಕೆಲಸ. ಅವಳ ವೇಗ ಕಂಡು ಎಲ್ಲರೂ ಮಿಂಚು ಎಂದೇ ಕರೆಯುತ್ತಿದ್ದರು. ಪೆಟ್ಟಿಗೆಯ ತಾಪಮಾನ ಎಂಟು ಡಿಗ್ರಿ ದಾಟಿದರೆ ಕಚೇರಿಯಲ್ಲಿ ಗಂಟೆ ಮೊಳಗುತ್ತಿತ್ತು. ಮಿಂಚುವಿನ ಮೈ ಕಾದರೆ ಮೊಳಗುವ ಗಂಟೆಯನ್ನು ಯಾರೂ ಇನ್ನೂ ಕೊಂಡಿರಲಿಲ್ಲ.

ಬೆಳಿಗ್ಗೆ ತುಂಬಿಸಿದ ನೀರಿನ ಬಾಟಲಿ ಚೀಲದಲ್ಲಿ ಹಾಗೆಯೇ ಇತ್ತು. ಕುಡಿದರೆ ಹೋಗಬೇಕು, ಹೋಗುವುದೆಲ್ಲಿಗೆ? ಹನ್ನೆರಡು ಕೇಂದ್ರಗಳಲ್ಲೂ ಶೌಚಾಲಯವಿತ್ತು. ಹನ್ನೆರಡರ ಬಾಗಿಲಿಗೂ ಬೀಗವಿತ್ತು, ಬೀಗದ ಮೇಲೆ ಚೀಟಿ: ‘ಮಾದರಿ ನೀಡುವವರಿಗೆ ಮಾತ್ರ.’

ಒಂಬತ್ತನೆಯ ಕೇಂದ್ರ ದಾಟುವಾಗ ತಲೆ ಸಿಡಿಯತೊಡಗಿತು. ಬಿಸಿಗಾಳಿ ಬೆವರನ್ನು ಮೂಡಿದಲ್ಲೇ ಹೀರುತ್ತಿದ್ದುದರಿಂದ ಮೈ ಒಣಗಿಯೇ ಇತ್ತು. ಕುತ್ತಿಗೆಯ ಮೇಲೆ ಉಪ್ಪು ಮಾತ್ರ ಉಳಿದಿತ್ತು. ಮೀನಖಂಡ ಹಿಡಿದುಕೊಂಡಿತು. ಹನ್ನೊಂದನೆಯದರ ಬಳಿಕ ಒಂದು ಸಿಗ್ನಲ್ ದೀಪ ಎರಡಾಗಿ ಕಂಡಿತು. ನಿಲ್ಲುವಂತಿರಲಿಲ್ಲ. ಇನ್ನೊಮ್ಮೆ ತಡವಾದರೆ ಕೆಲಸದಿಂದ ತೆಗೆಯುವುದಾಗಿ ಮೇಲ್ವಿಚಾರಕ ಮೊನ್ನೆಯಷ್ಟೇ ಬರೆದು ಕೊಟ್ಟಿದ್ದ.

ಹನ್ನೆರಡನೆಯ ಕೇಂದ್ರದಲ್ಲಿ ಅವಳು ಗೋಡೆ ಹಿಡಿದುಕೊಂಡೇ ಒಳಗೆ ಬಂದಳು.

“ಅಕ್ಕ, ಶೌಚಾಲಯದ ಕೀ ಕೊಡಿ.”

ಕೌಂಟರಿನಾಕೆ ತಲೆಯೆತ್ತಲಿಲ್ಲ. “ನಿಂಗೆ ಗೊತ್ತಲ್ಲಮ್ಮ, ಸ್ಯಾಂಪಲ್ ಕೊಡೋರಿಗೆ ಮಾತ್ರ. ಆಮೇಲೆ ನನ್ನ ತಲೆ ತಿಂತಾರೆ.”

“ಹಾಗಾದ್ರೆ ಒಂದು ಡಬ್ಬಿ ಕೊಡಿ. ನಾನೂ ಸ್ಯಾಂಪಲ್ ಕೊಡ್ತೀನಿ.”

“ತಮಾಷೆ ಮಾಡ್ಬೇಡ.”

“ನನ್ನ ಮುಖ ನೋಡಿ. ತಮಾಷೆ ಮಾಡೋ ಮುಖಾನಾ ಇದು?”

ಆಕೆ ನೋಡಿದಳು. ಡಬ್ಬಿ, ಕೀ ಎರಡನ್ನೂ ಕೊಟ್ಟಳು. ಮಿಂಚು ಹೊರಬಂದ ಮೇಲೆ ಆಕೆ ಅವಳನ್ನು ಫ್ಯಾನಿನ ಕೆಳಗೆ ಮಲಗಿಸಿ, ಕಾಲು ಎತ್ತರಿಸಿ, ಕುತ್ತಿಗೆಗೆ ಒದ್ದೆ ಬಟ್ಟೆ ಸುತ್ತಿ, ಉಪ್ಪು ಸಕ್ಕರೆ ಬೆರೆಸಿದ ನೀರನ್ನು ಗುಟುಕು ಗುಟುಕಾಗಿ ಕುಡಿಸಿದಳು. ಅಷ್ಟರಲ್ಲಿ ಫೋನು ಬಡಿದುಕೊಂಡಿತು.

“ಎಲ್ಲಿ ಸತ್ತಿದ್ದೀಯ?” ಮೇಲ್ವಿಚಾರಕ ಗದರಿದ.

“ಇನ್ನೂ ಸತ್ತಿಲ್ಲ ಸಾರ್. ಅದಕ್ಕೇ ತಡ.”

ತಲೆಸುತ್ತು ಪೂರ್ತಿ ಇಳಿಯುವವರೆಗೂ ಕೌಂಟರಿನಾಕೆ ತಾನು ತೆಗೆದಿಟ್ಟುಕೊಂಡ ಬೈಕಿನ ಕೀ ಕೊಡಲಿಲ್ಲ. ಮಿಂಚು ಮುಖ್ಯ ಪ್ರಯೋಗಾಲಯ ಮುಟ್ಟಿದಾಗ ಗಂಟೆ ಐದೂವರೆ. ಮೇಲ್ವಿಚಾರಕ ಬಿಳಿ ಹಾಳೆಯನ್ನು ಅವಳತ್ತ ತಳ್ಳಿದ. “ಪೆಟ್ಟಿಗೆ ಆರು ಡಿಗ್ರಿಯಲ್ಲೇ ಇದೆ, ನಿನ್ನ ಪುಣ್ಯ. ಒಂದೂವರೆ ಗಂಟೆ ತಡ ಯಾಕೆ? ವಿವರಣೆ ಬರಿ.”

ಅವಳು ಹಾಳೆಯ ನಟ್ಟನಡುವೆ ಡಬ್ಬಿಯನ್ನಿಟ್ಟಳು. ತಳದಲ್ಲಿ ಎರಡು ಚಮಚದಷ್ಟು, ಹಾಲಿಲ್ಲದ ಟೀಯ ಬಣ್ಣ.

ಮಾದರಿ ಎಣಿಸುತ್ತಿದ್ದ ಹಿರಿಯ ತಂತ್ರಜ್ಞೆ ಅದನ್ನೆತ್ತಿ ಬೆಳಕಿಗೆ ಹಿಡಿದು ಬೆಚ್ಚಿದಳು. “ಅಯ್ಯೋ, ಯಾರದ್ರೀ ಇದು? ಇವರನ್ನ ಈಗ್ಲೇ ಡಾಕ್ಟರ್ ನೋಡ್ಬೇಕು!”

“ನಂದೇ ಅಕ್ಕ. ಇದೇ ವಿವರಣೆ.”

ಮೇಲ್ವಿಚಾರಕನ ಮುಖ ಕೆಂಪಾಯಿತು. “ಇದೇನು ಅಸಹ್ಯ! ತೆಗಿ ಇದನ್ನ.”

“ದಿನಾ ನೂರು ಡಬ್ಬಿ ತಂದಿಡ್ತೀನಿ, ಒಂದೂ ನಿಮಗೆ ಅಸಹ್ಯ ಆಗ್ಲಿಲ್ಲ. ನಂದು ಮಾತ್ರ ಅಸಹ್ಯಾನಾ?” ಅವಳು ಬಿಳಿ ಹಾಳೆಯನ್ನು ಅವನತ್ತಲೇ ತಳ್ಳಿದಳು. “ಕೆಲಸದಿಂದ ತೆಗೀರಿ. ಕಾರಣದ ಜಾಗದಲ್ಲಿ ‘ನೀರು ಕುಡಿದಳು’ ಅಂತ ಬರೀರಿ. ತೆಗೆಯಲ್ಲ ಅಂದ್ರೆ ಹನ್ನೆರಡೂ ಬೀಗದ ಕೀ ಕೊಡಿ. ಅದೂ ಆಗಲ್ವಾ? ಬಾಗಿಲ ಮೇಲೆ ಬರೆದ ಹಾಗೇ ಮಾಡ್ತೀನಿ. ನಾಳೆಯಿಂದ ಹನ್ನೆರಡು ಕಡೆ ಹನ್ನೆರಡು ಸ್ಯಾಂಪಲ್. ಎಲ್ಲಾ ನಿಮ್ಮ ಟೇಬಲಿಗೇ ಬರುತ್ವೆ.”

ತಂತ್ರಜ್ಞೆ ಆಗಲೇ ಡಬ್ಬಿಗೆ ‘ತುರ್ತು’ ಚೀಟಿ ಅಂಟಿಸಿ, ವರದಿ ಯಾರಿಗೆ ಎಂಬಲ್ಲಿ ಮೇಲ್ವಿಚಾರಕನ ಹೆಸರನ್ನು ಬರೆಯುತ್ತಿದ್ದಳು. ಅವನು ಡ್ರಾಯರು ಎಳೆದು ಕೀಗಳ ಗೊಂಚಲಿಗಾಗಿ ತಡಕಾಡತೊಡಗಿದ.

ಮಿಂಚು ಕುರ್ಚಿ ಎಳೆದು ಅವನೆದುರೇ ಕುಳಿತಳು. ಚೀಲದಿಂದ ಬಾಟಲಿ ತೆಗೆದು, ಯಾವ ಅವಸರವೂ ಇಲ್ಲದೆ ಕುಡಿಯತೊಡಗಿದಳು.