ಅಂಗೈ ಮೇಲಿನ ಹಿಟ್ಟು

2024ರ ಫೆಬ್ರುವರಿ 13, ಮಂಗಳವಾರ, ಬೆಳಿಗ್ಗೆ 10 ಗಂಟೆ 40 ನಿಮಿಷ. ಕೆಂಪಾಪುರದ ಮಹಿಳಾ ಸಂಘದ ಕೊಠಡಿಯಲ್ಲಿ ರಾಗಿ ಹಿಟ್ಟಿನ ಇಪ್ಪತ್ತೆರಡು ಚೀಲಗಳಿದ್ದವು. ಹಾಸ್ಟೆಲ್‌ಗಳಿಗೆ ಹಿಟ್ಟು ಪೂರೈಸುವ ಕಂಪನಿಯೊಂದರ ಪರವಾಗಿ ಅದರ ತೇವಾಂಶ ಅಳೆಯಲು ನಾನು ಹೋಗಿದ್ದೆ. ಶೇಕಡ 12 ಮೀರಿದರೆ ಹಿಟ್ಟು ಗೋದಾಮಿನಲ್ಲಿ ಮುಗ್ಗಲು ಹಿಡಿಯುತ್ತದೆ. ಅಂಥ ಸಂಘವನ್ನು ಕಂಪನಿ ಪಟ್ಟಿಯಿಂದ ತೆಗೆಯುತ್ತದೆ. ಈ ಸಂಘಕ್ಕೆ ಇದು ಮೊದಲ ಆರ್ಡರು.

ನನ್ನ ಉಪಕರಣ ಟಾರ್ಚಿನಷ್ಟು ದೊಡ್ಡದು. ಕಣ್ಣಿಗೆ ಕಾಣದ ಅವಕೆಂಪು ಬೆಳಕು ಬಿಡುತ್ತದೆ. ನೀರು ಅದರಲ್ಲಿ ಒಂದಿಷ್ಟನ್ನು ಹೀರಿಕೊಳ್ಳುತ್ತದೆ. ಮರಳಿ ಬಂದಷ್ಟರಿಂದ ತೇವಾಂಶ ತಿಳಿಯುತ್ತದೆ. ಹಿಟ್ಟನ್ನು ಬಟ್ಟಲಿಗೆ ತುಂಬಿ ಅಳೆಯಬೇಕು. ಬಟ್ಟಲು ಹೊರಗೆ, ಬೈಕಿನ ಪೆಟ್ಟಿಗೆಯಲ್ಲಿತ್ತು. ಹನ್ನೊಂದು ಹೆಜ್ಜೆ ದೂರ.

ಅಷ್ಟರಲ್ಲಿ ಸಂಘದ ಅಧ್ಯಕ್ಷೆ ಚಿಕ್ಕಲಕ್ಷ್ಮಮ್ಮ ಚಿಟಿಕೆ ಹಿಟ್ಟನ್ನು ಅಂಗೈ ಮೇಲೆ ತೆಳ್ಳಗೆ ಸವರಿ ನನ್ನ ಮುಂದೆ ಚಾಚಿದರು. ಅಲ್ಲಿ ಯಾರಿಗೇ ಆಗಲಿ ಹಿಟ್ಟು ತೋರಿಸುವುದು ಹಾಗೆ. ನಾನು ಬೆಳಕು ಬಿಟ್ಟೆ.

"ಇಪ್ಪತ್ಮೂರು ಪಾಯಿಂಟ್ ಆರು," ಎಂದೆ.

"ಅಷ್ಟ್ ನೀರಿದ್ರೆ ಅದು ಹಿಟ್ಟಲ್ಲ ಕಣಪ್ಪ, ಅಂಬ್ಲಿ."

ಅವರು ಒಂದು ಹಿಡಿ ಹಿಟ್ಟನ್ನು ಮುಷ್ಟಿಯಲ್ಲಿ ಅದುಮಿ ಬಿಟ್ಟರು. ಪುಡಿಪುಡಿಯಾಗಿ ಉದುರಿತು. ಒದ್ದೆಯಿದ್ದರೆ ಉಂಡೆ ಕಟ್ಟುತ್ತಿತ್ತು. ನಾನು ಆಗಲೇ ಫಾರಂನಲ್ಲಿ 'ತಿರಸ್ಕ' ಎಂಬವರೆಗೆ ಬರೆದಿದ್ದೆ.

ಮಿಲ್ಲು ನಡೆಸುವ ರಾಧಾಮಣಿ ಚೀಲದ ಮೇಲಿಂದ ಎದ್ದರು. "ಒಂಬತ್ತು ದಿನ ಬಿಸ್ಲಲ್ಲಿ ರಾಗಿ ಒಣಗ್ಸಿದೀವಿ ಸಾ. ಅದೇ ಲೈಟ್ನ ಅಕ್ಕನ ಬರೀ ಕೈಗೆ ಬುಡಿ, ಒಸಿ ನೋಡಾನ."

ಚಿಕ್ಕಲಕ್ಷ್ಮಮ್ಮ ಸೆರಗಿಗೆ ಕೈ ಒರೆಸಿಕೊಂಡು ಮತ್ತೆ ಚಾಚಿದರು. ಅಂಗೈಯ ತೇವಾಂಶ 41.2 ಎಂದು ಬಂತು.

"ಹಂಗಾರೆ ನಮ್ಮಕ್ಕನ್ನೂ ಬಿಸ್ಲಿಗೆ ಹಾಕ್ಬೇಕು," ಎಂದರು ರಾಧಾಮಣಿ.

ಬೆಳಕು ತೆಳುವಾದ ಹಿಟ್ಟನ್ನು ದಾಟಿ ಕೆಳಗಿನ ಕೈಯನ್ನೂ ಅಳೆಯುತ್ತದೆ. ಇದು ನನಗೆ ಬಿಎಸ್ಸಿ ಎರಡನೇ ವರ್ಷದಿಂದ ಗೊತ್ತಿತ್ತು. ಹನ್ನೊಂದು ಹೆಜ್ಜೆ ನಡೆದು ಬಟ್ಟಲು ತಂದೆ. ತುಂಬಿ ಅಳೆದಾಗ 9.4 ತೋರಿಸಿತು.

"ಈಗ ಈ ಮಿಷನ್ನ ನಂಬೋದ್ ಹೆಂಗೆ?" ಎಂದರು ಚಿಕ್ಕಲಕ್ಷ್ಮಮ್ಮ.

ಪ್ರಶ್ನೆ ಸರಿಯಾಗಿತ್ತು. ಇಂಥ ಅನುಮಾನ ಬಂದರೆ ಹಿಟ್ಟನ್ನು ಓವನ್‌ನಲ್ಲಿ ಒಣಗಿಸಿ, ಕಳೆದ ತೂಕ ನೋಡಬೇಕು. ಮಧ್ಯಾಹ್ನ ಚಿಕ್ಕಲಕ್ಷ್ಮಮ್ಮನವರೂ ಬಸ್ಸಿನಲ್ಲಿ ರಾಮನಗರದ ನಮ್ಮ ಪ್ರಯೋಗಾಲಯಕ್ಕೆ ಬಂದರು. ಐದು ಗ್ರಾಂ ಹಿಟ್ಟನ್ನು 130 ಡಿಗ್ರಿಯ ಓವನ್‌ನಲ್ಲಿಟ್ಟೆ. ಅವರು ಒಂದು ಗಂಟೆ ಅದರ ಬಾಗಿಲನ್ನೇ ನೋಡುತ್ತ ಕೂತಿದ್ದರು. ತೂಕ ಹಾಕುವಾಗ ತಕ್ಕಡಿಯ ಹತ್ತಿರ ಕೈ ತರಲಿಲ್ಲ. ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡಿದ್ದರು.

ಹೊಸ ಫಾರಂ ತೆಗೆದು 'ಸ್ವೀಕೃತ' ಎಂದು ಪೂರ್ತಿಯಾಗಿ ಬರೆದೆ. ಹಿಟ್ಟಿನ ತೇವಾಂಶ ಶೇಕಡ 9.7.